ಕೌಂಟರ್‌ನಲ್ಲಿ ಕೂತು ನೋಡಿದ ಮಾರಿಯೊ, ಸಾನಿಕ್, ಕ್ರಾಶ್

2023ರ ಅಕ್ಟೋಬರ್ 17ಕ್ಕೆ ಸೆಗಾ ಕಂಪನಿಯವರ ವೀಡಿಯೊ ಗೇಮ್ 'ಸಾನಿಕ್ ಸೂಪರ್‌ಸ್ಟಾರ್ಸ್' ಬಂತು. ಮೂರೇ ದಿನಕ್ಕೆ, 20ನೇ ತಾರೀಕು, ನಿಂಟೆಂಡೊದವರ 'ಸೂಪರ್ ಮಾರಿಯೊ ಬ್ರದರ್ಸ್ ವಂಡರ್'. ಎರಡೂ ಎಡದಿಂದ ಬಲಕ್ಕೆ ಓಡಿಕೊಂಡು ಹೋಗುವ ಹಳೇ ಜಾತಿಯ ಆಟಗಳು. ತೊಂಬತ್ತರ ದಶಕದಲ್ಲಿ ಹೀಗೆ ಒಂದೇ ವಾರ ಎದುರುಬದುರಾಗಿದ್ದರೆ ಅಮೆರಿಕದ ಶಾಲೆಗಳಲ್ಲಿ ಹುಡುಗರು ಎರಡು ಪಾರ್ಟಿಯಾಗಿ ಕಾದಾಡುತ್ತಿದ್ದರು. ಈಗ ಎರಡೂ ನಿಂಟೆಂಡೊದ ಒಂದೇ ಸ್ವಿಚ್ ಕನ್ಸೋಲ್‌ನಲ್ಲಿ (ಆಟ ಆಡಿಸುವ ಡಬ್ಬಿಯಲ್ಲಿ) ಓಡುತ್ತವೆ, ಜಗಳ ಎಲ್ಲಿಂದ ಬರಬೇಕು?

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಎರಡರ ಹಿಂದೆಯೂ ಹಳೇ ಕೈಗಳಿದ್ದವು. 1985ರಲ್ಲಿ ಶಿಗೆರು ಮಿಯಾಮೊಟೊ ಜೊತೆ ಕೂತು ಮೊದಲ 'ಸೂಪರ್ ಮಾರಿಯೊ ಬ್ರದರ್ಸ್' ಮಾಡಿದ ತಕಾಶಿ ತೆಜುಕಾ ವಂಡರ್‌ನ ನಿರ್ಮಾಪಕ. ಸಾನಿಕ್‌ನ ಚಿತ್ರ ಮೊದಲು ಬರೆದ ನಾವೊಟೊ ಓಶಿಮಾ ಅವರ ಆರ್ಜೆಸ್ಟ್ ಸಂಸ್ಥೆ ಸೂಪರ್‌ಸ್ಟಾರ್ಸ್ ಕೆಲಸದಲ್ಲಿತ್ತು. ಅದೇ ಗೊಂಬೆ, ಅದೇ ಜನ, ಮಧ್ಯೆ ಮೂವತ್ತು ನಲವತ್ತು ವರ್ಷ. ಹೊಸ ಆಟಗಳು ಸುಧಾರಿಸಿವೆಯಾ ಅಂತ ನೋಡೋದಕ್ಕೆ ಇದಕ್ಕಿಂತ ಒಳ್ಳೇ ಸಂದರ್ಭ ಸಿಗೋದಿಲ್ಲ ಅಂತ ಎರಡನ್ನೂ ಆಡಿದೆ. ಆಡಿದ ಮೇಲೆ ಉಳಿದವರನ್ನೂ ಬಿಡಬಾರದು ಅನಿಸಿ ಸೋನಿಯ ಪ್ಲೇಸ್ಟೇಷನ್‌ನಲ್ಲಿ ಹೆಸರಾದ ಕ್ರಾಶ್, ಆಸ್ಟ್ರೋ ತನಕ ಹೋಯಿತು.

ನನ್ನ ಅಳತೆ ಗ್ರಾಫಿಕ್ಸ್ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೋದರಮಾವನಿಗೆ ದಾವಣಗೆರೆಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ಹಿಂದಿನ ಕೋಣೆಯಲ್ಲಿ ಎರಡು ಟಿವಿ ಇಟ್ಟು ವೀಡಿಯೊ ಗೇಮ್ ನಡೆಸುತ್ತಿದ್ದ. ಮೊದಲು ಕ್ಯಾಸೆಟ್ ಹಾಕುವ ಎಂಟು ಬಿಟ್‌ನ ನಕಲಿ ಡಬ್ಬಿಗಳು, ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ತಂದ ಪ್ಲೇಸ್ಟೇಷನ್. ಗಂಟೆಗೆ ಹತ್ತು ರೂಪಾಯಿ. ಬೇಸಿಗೆ ರಜೆಯಲ್ಲಿ ಕೌಂಟರ್‌ಗೆ ನಾನು. ನೋಟ್‌ಬುಕ್ಕಿನಲ್ಲಿ ಹೆಸರು, ಕೂತ ಟೈಮು, ಏಳಬೇಕಾದ ಟೈಮು ಬರೆಯೋದು, ಅಷ್ಟೇ ಕೆಲಸ. ಕರೆಂಟ್ ಹೋದಾಗ ಮಾತ್ರ ತಲೆನೋವು. ಎಷ್ಟು ನಿಮಿಷ ಆಡಿದ್ದರು, ಎಷ್ಟು ಬಾಕಿ ಅಂತ ಪಂಚಾಯಿತಿ ಮಾಡಬೇಕು. ಮೂರನೇ ಕ್ಲಾಸಿನ ಹುಡುಗರೂ ವಕೀಲರ ಹಾಗೆ ವಾದಿಸುತ್ತಿದ್ದರು. ನಾನೀಗ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಕಕ್ಷಿದಾರರ ಜೊತೆ ತಾಳ್ಮೆಯಿಂದ ಮಾತಾಡೋದು ಅಲ್ಲೇ ಕಲಿತದ್ದು.

ಕೌಂಟರ್‌ನಲ್ಲಿ ಕೂತವರಿಗೆ ಟಿವಿ ಓರೆಯಾಗಿ ಕಾಣುತ್ತದೆ, ಆಡುವವರ ಕೈ ನೇರವಾಗಿ ಕಾಣುತ್ತದೆ. ಹಾಗಾಗಿ ನಾನು ಆಟ ನೋಡಿದ್ದಕ್ಕಿಂತ ಹೆಬ್ಬೆರಳು ನೋಡಿದ್ದೇ ಹೆಚ್ಚು. ಒಂದು ವಿಷಯ ಬಹಳ ಬೇಗ ಗೊತ್ತಾಯಿತು. ಹುಡುಗ ಔಟ್ ಆದಾಗ ಏನು ಹೇಳುತ್ತಾನೆ ಅನ್ನೋದರಲ್ಲಿ ಆಟದ ಯೋಗ್ಯತೆ ಇರುತ್ತದೆ. ಕೆಲವು ಆಟಗಳಲ್ಲಿ "ಅಕ್ಕಾ, ರಿಮೋಟ್ ಸರಿ ಇಲ್ಲ, ಒತ್ತಿದೆ, ಹಾರಲೇ ಇಲ್ಲ" ಅಂತ ನನ್ನ ಕಡೆ ತಿರುಗುತ್ತಿದ್ದರು. ಮಾರಿಯೊದಲ್ಲಿ ಹಾಗಲ್ಲ. "ಥೂ, ಬೇಗ ಹಾರಿಬಿಟ್ಟೆ" ಅಂತ ತಮ್ಮನ್ನೇ ಬೈದುಕೊಂಡು ಮತ್ತೆ ಶುರು. ರಿಮೋಟ್ ಅದೇ, ಅದರ ಗುಂಡಿ ಸವೆದದ್ದೂ ನಿಜ. ಆದರೂ ಮಾರಿಯೊ ಆಡುವಾಗ ಅದರ ಮೇಲೆ ದೂರು ಬರುತ್ತಿರಲಿಲ್ಲ.

ಇದಕ್ಕೆ ಕಾರಣ ಆ ಮೀಸೆ ಅಲ್ಲ. ಮೀಸೆಯೇ ಒಂದು ಅನಿವಾರ್ಯ. 1981ರ 'ಡಾಂಕಿ ಕಾಂಗ್'ನಲ್ಲಿ ಅವನು ಬರೀ 'ಜಂಪ್‌ಮ್ಯಾನ್', ವೃತ್ತಿಯಲ್ಲಿ ಬಡಗಿ. ಬೆರಳೆಣಿಕೆಯ ಚುಕ್ಕಿಗಳಲ್ಲಿ ಬಾಯಿ ಬರೆಯೋಕೆ ಆಗಲ್ಲ ಅಂತ ಮೂಗಿನ ಕೆಳಗೆ ಮೀಸೆ, ಕೂದಲು ಹಾರೋದನ್ನು ತೋರಿಸೋ ತಾಪತ್ರಯ ಬೇಡ ಅಂತ ಟೋಪಿ, ಕೈ ಬೀಸಿದ್ದು ಕಾಣಲಿ ಅಂತ ಬೇರೆ ಬಣ್ಣದ ಡುಂಗರಿ. ಹೆಸರು ಅಮೆರಿಕದಲ್ಲಿ ನಿಂಟೆಂಡೊಗೆ ಗೋಡೌನ್ ಬಾಡಿಗೆಗೆ ಕೊಟ್ಟಿದ್ದ ಮಾರಿಯೊ ಸೆಗಾಲಿ ಎಂಬವರದು. ನಾಲ್ಕು ವರ್ಷದ ಮೇಲೆ ಬಂದ ಸೂಪರ್ ಮಾರಿಯೊ ಇಡೀ ಆಟ 40 ಕಿಲೋಬೈಟು. ಇವತ್ತು ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರವೂ ಅದಕ್ಕಿಂತ ದೊಡ್ಡದು. ಜಾಗ ಸಾಲದೆ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ. ಒಮ್ಮೆ ಗಮನಿಸಿದರೆ ಮತ್ತೆ ಪೊದೆ ಪೊದೆಯಾಗಿ ಕಾಣಲ್ಲ.

ಇಷ್ಟು ಕಂಜೂಸಿ ಮಾಡಿದ ಜನ ಒಂದು ಕಡೆ ಮಾತ್ರ ಕೈ ಬಿಚ್ಚಿದ್ದಾರೆ. ಹಾರೋದರಲ್ಲಿ. ಗುಂಡಿ ಮುಟ್ಟಿ ಬಿಟ್ಟರೆ ಸಣ್ಣ ನೆಗೆತ, ಒತ್ತಿ ಹಿಡಿದರೆ ದೊಡ್ಡದು. ಓಡಿಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿದ್ದಾಗಲೂ ಹಿಂದಕ್ಕೆ ಜಗ್ಗಬಹುದು, ಆದರೆ ಪೂರ್ತಿ ಅಲ್ಲ. ತಿರುಗಿದರೆ ಕಾಲು ಜಾರಿ ನಿಲ್ಲುತ್ತಾನೆ. ಅಂದರೆ ಅವನಿಗೆ ತೂಕ ಇದೆ, ಆ ತೂಕ ನಿಮ್ಮ ಹೆಬ್ಬೆರಳಿಗೆ ಗೊತ್ತಾಗುತ್ತದೆ. ನಮ್ಮ ನಕಲಿ ರಿಮೋಟ್‌ಗಳಲ್ಲಿ ಎ, ಬಿ ಜೊತೆ ಹಿಡಿದರೆ ತಾನೇ ಪಟಪಟ ಒತ್ತಿಕೊಳ್ಳುವ ಟರ್ಬೊ ಗುಂಡಿ ಬೇರೆ ಇರುತ್ತಿತ್ತು. 'ಕಾಂಟ್ರಾ'ದಲ್ಲಿ ಗುಂಡು ಹಾರಿಸೋಕೆ ಅದು ವರ. ಮಾರಿಯೊದಲ್ಲಿ ಟರ್ಬೊ ಒತ್ತಿದರೆ ಪುಟಪುಟ ಕುಪ್ಪಳಿಸುತ್ತಾ ಹೋಗಿ ನೇರ ಹಳ್ಳಕ್ಕೆ ಬೀಳುತ್ತಾನೆ. ಹೊಸ ಹುಡುಗರು ಯಾರು, ಪಳಗಿದವರು ಯಾರು ಅಂತ ಆ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು. ಪಳಗಿದವರೂ ದೊಡ್ಡ ಹಳ್ಳ ದಾಟುವಾಗ ರಿಮೋಟ್ ಮೇಲೆತ್ತಿ ತಾವೂ ಅರ್ಧ ಎದ್ದುಬಿಡುತ್ತಿದ್ದರು. ರಿಮೋಟ್ ಎತ್ತಿದರೆ ಮಾರಿಯೊ ಮೇಲೆ ಹೋಗಲ್ಲ ಅಂತ ಅವರಿಗೆ ಗೊತ್ತಿಲ್ಲದೆ ಅಲ್ಲ.

ಸಾನಿಕ್ ನಮ್ಮ ಕಡೆ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಸೆಗಾ ಮೆಗಾ ಡ್ರೈವ್ ಕನ್ಸೋಲ್ ಇದ್ದವರು ಉಳ್ಳವರು, ಅವರು ಪಾರ್ಲರಿಗೆ ಯಾಕೆ ಬರುತ್ತಾರೆ? ನಮ್ಮ ಕೋಣೆಗೆ ಸಾನಿಕ್ ಬಂದದ್ದು ಕಳ್ಳದಾರಿಯಲ್ಲಿ: 'ಸೊಮಾರಿ' ಅನ್ನುವ ಕ್ಯಾಸೆಟ್. ಹೆಸರು ನಾನು ಕಟ್ಟಿದ್ದಲ್ಲ. 1994ರ ಸುಮಾರಿಗೆ ಯಾರೋ ಪುಣ್ಯಾತ್ಮರು ಸಾನಿಕ್‌ನ ಸ್ಟೇಜ್‌ಗಳನ್ನು ಎಂಟು ಬಿಟ್‌ಗೆ ಇಳಿಸಿ, ಅದರಲ್ಲಿ ಓಡೋಕೆ ಮಾರಿಯೊನನ್ನು ಬಿಟ್ಟಿದ್ದರು. ಸಾನಿಕ್‌ನ ಗ್ರೀನ್ ಹಿಲ್, ಸಾನಿಕ್‌ನ ಉಂಗುರ, ಓಡುವವನು ಮಾತ್ರ ಮೀಸೆಯವನು. ಹುಡುಗರಿಗೆ ಎರಡು ದಿನ ಖುಷಿಯೋ ಖುಷಿ. ಮೂರನೇ ದಿನದಿಂದ "ಅಕ್ಕಾ, ರಿಮೋಟ್ ಸರಿ ಇಲ್ಲ" ಶುರು. ಇಳಿಜಾರಿನಲ್ಲಿ ವೇಗ ಬರಬೇಕಾದಲ್ಲಿ ಬರಲ್ಲ, ನಿಲ್ಲಬೇಕಾದಲ್ಲಿ ನಿಲ್ಲಲ್ಲ. ಎಲ್ಲರಿಗೂ ಬೇಕಾದ ಮುಖ, ಎಲ್ಲರೂ ಹೊಗಳಿದ ಸ್ಟೇಜು, ಎರಡೂ ಸೇರಿದರೂ ಆಟ ಆಗಲಿಲ್ಲ. ಮ್ಯಾಸ್ಕಾಟ್ (ಕಂಪನಿಯ ಗುರುತಾದ ಗೊಂಬೆ) ಅಂದರೆ ಮುಖ ಅಲ್ಲ, ಮೈ. ಆ ಮೈ ಹೇಗೆ ಚಲಿಸುತ್ತದೋ ಅದಕ್ಕೆ ತಕ್ಕ ನೆಲ ಹಾಕಿದಾಗ ಮಾತ್ರ ಗೊಂಬೆಗೆ ಜೀವ. ನಾನು ಇವತ್ತಿಗೂ ಯಾವ ಹೊಸ ಆಟ ನೋಡಿದರೂ ಕೇಳೋದು ಇಷ್ಟೇ: ಮೈಗೂ ನೆಲಕ್ಕೂ ಹೊಂದಿದೆಯಾ?

ಅಸಲಿ ಸಾನಿಕ್ ಆಡಿದ್ದು ಕಾಲೇಜಿಗೆ ಬಂದ ಮೇಲೆ, ಕಂಪ್ಯೂಟರಿನಲ್ಲಿ. ಆಗ ಗೊತ್ತಾಯಿತು ಸೆಗಾದವರು ಎಷ್ಟು ಲೆಕ್ಕ ಹಾಕಿ ಮಾಡಿದ್ದಾರೆ ಅಂತ. ಅವರಿಗೆ ಮೊದಲು ಅಲೆಕ್ಸ್ ಕಿಡ್ ಅಂತ ಒಬ್ಬ ಹುಡುಗನಿದ್ದ, ಮಾರಿಯೊ ಎದುರು ನಿಲ್ಲಲಿಲ್ಲ. ಹೊಸ ಗೊಂಬೆಗೆ ಮೊಲ, ನಾಯಿ, ಪೈಜಾಮ ತೊಟ್ಟ ಮೀಸೆಯವನು ಅಂತ ಏನೇನೋ ಬರೆದು ನೋಡಿದರು. ಓಶಿಮಾ ತಮ್ಮ ಚಿತ್ರಗಳನ್ನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಒಯ್ದು ದಾರಿಹೋಕರಿಗೆ ತೋರಿಸಿದಾಗ ಹೆಚ್ಚು ಜನ ಬೆರಳಿಟ್ಟದ್ದು ಮುಳ್ಳುಹಂದಿಯ ಮೇಲೆ. ಪೈಜಾಮದ ಮೀಸೆಯವನೇ ಆಮೇಲೆ ಖಳನಾಯಕ ಎಗ್‌ಮ್ಯಾನ್ ಆದ. ಸೆಗಾ ಲೋಗೊದ ಬಣ್ಣ ನೀಲಿ, ಹಾಗಾಗಿ ಸಾನಿಕ್ ನೀಲಿ. 1991ರ ಜೂನ್ 23ಕ್ಕೆ ಬಂತು. ಯೂಜಿ ನಾಕಾ ಬರೆದ ಪ್ರೋಗ್ರಾಂ, ಹಿರೊಕಾಜು ಯಾಸುಹಾರಾ ಹಾಕಿದ ನೆಲ. ಇಳಿಜಾರಿನಲ್ಲಿ ಉಂಡೆಯಾಗಿ ಉರುಳಿದರೆ ವೇಗ, ಆ ವೇಗದಲ್ಲಿ ಸುರುಳಿ ದಾರಿ ಹತ್ತಬಹುದು, ತಪ್ಪಿದರೆ ಕೆಳಗಿನ ನಿಧಾನದ ದಾರಿಗೆ ಬೀಳುತ್ತೀರಿ. ಕೈಯಲ್ಲಿ ಒಂದು ಉಂಗುರ ಇದ್ದರೂ ಸಾಯಲ್ಲ. ಪೆಟ್ಟು ತಿಂದಾಗ ಉಂಗುರಗಳೆಲ್ಲ ಚೆಲ್ಲಾಪಿಲ್ಲಿ, ಗಾಬರಿಯಲ್ಲಿ ಹೆಕ್ಕಿಕೊಳ್ಳಬೇಕು. ಶಿಕ್ಷೆಯನ್ನೂ ಆಟ ಮಾಡಿದ ಈ ಉಪಾಯ ಮಾರಿಯೊದಲ್ಲೂ ಇಲ್ಲ.

ಆದರೆ ಸಾನಿಕ್‌ನ ಸಂಸಾರ ಚೆನ್ನಾಗಿ ನಡೆಯಲಿಲ್ಲ. ಟಿವಿ ಆಟಗಳು ಮೂರು ಆಯಾಮಕ್ಕೆ ಹೋದಾಗ ಮಾರಿಯೊ ಗೆದ್ದ, ಸಾನಿಕ್ ಎಡವಿದ. ಯಾಕೆ ಅಂತ ನೋಡಿದರೆ ಮತ್ತೆ ಅದೇ ಮೈಯ ವಿಷಯ. 1996ರ 'ಸೂಪರ್ ಮಾರಿಯೊ 64' ಮಾಡುವಾಗ ಮಿಯಾಮೊಟೊ ತಂಡದವರು ಕೋಟೆ ಕಟ್ಟುವ ಮೊದಲು ಒಂದು ಕೋಣೆಯಲ್ಲಿ ಮಾರಿಯೊನನ್ನೂ ಒಂದು ಮೊಲವನ್ನೂ ಬಿಟ್ಟು, ಅದನ್ನು ಅಟ್ಟಿಸಿಕೊಂಡು ಓಡುವುದೇ ಮಜಾ ಕೊಡುವ ತನಕ ತಿದ್ದಿದರು. ಆ ಮೊಲ ಕೊನೆಗೆ ಆಟದೊಳಗೂ ಉಳಿದುಕೊಂಡಿತು. ಆಟ ಶುರುವಾದಾಗ ಕೋಟೆ ಮುಂದಿನ ಹುಲ್ಲಿನಲ್ಲಿ ಒಬ್ಬ ಶತ್ರುವೂ ಇಲ್ಲ. ಸುಮ್ಮನೆ ಓಡಾಡು, ಪಲ್ಟಿ ಹೊಡಿ ಅಂತ ಬಿಟ್ಟುಬಿಡುತ್ತಾರೆ. ಅದೇ ಹೊತ್ತಿಗೆ ಸೆಗಾದ ಸ್ಯಾಟರ್ನ್ ಕನ್ಸೋಲ್‌ಗೆ ಅಂತ ಶುರುವಾದ 'ಸಾನಿಕ್ ಎಕ್ಸ್‌ಟ್ರೀಮ್' ಅರ್ಧಕ್ಕೇ ರದ್ದಾಯಿತು. 1998ರಲ್ಲಿ ಅವರ ಮುಂದಿನ ಕನ್ಸೋಲ್ ಡ್ರೀಮ್‌ಕಾಸ್ಟ್‌ಗೆ 'ಸಾನಿಕ್ ಅಡ್ವೆಂಚರ್' ಬಂದಾಗ ಓಟವೇನೋ ಕಣ್ಣು ಕುಕ್ಕುವ ಹಾಗಿತ್ತು. ಜೊತೆಗೆ ಬಿಗ್ ಅನ್ನುವ ದಪ್ಪ ಬೆಕ್ಕು ಕೂತು ಮೀನು ಹಿಡಿಯುವ ಭಾಗವೂ ಇತ್ತು. ಓಡೋಕೆ ಹುಟ್ಟಿದವನ ಆಟದಲ್ಲಿ ಗಾಳ ಹಾಕಿ ಕಾಯಬೇಕು! 2001ರ ಜನವರಿಯಲ್ಲಿ ಸೆಗಾ ಕನ್ಸೋಲ್ ಮಾಡೋದನ್ನೇ ಬಿಡುತ್ತೇವೆ ಅಂತ ಘೋಷಿಸಿತು. 2006ರಲ್ಲಿ ಹದಿನೈದನೇ ಹುಟ್ಟುಹಬ್ಬಕ್ಕೆ ಬಂದ ಆಟದಲ್ಲಿ ಲೋಡಿಂಗ್ ಮುಗಿಯಲ್ಲ, ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆ, ಮನುಷ್ಯ ರಾಜಕುಮಾರಿಯೊಬ್ಬಳು ಮುಳ್ಳುಹಂದಿಗೆ ಮುತ್ತು ಬೇರೆ ಕೊಡುತ್ತಾಳೆ. ಮರು ವರ್ಷ ಒಲಿಂಪಿಕ್ಸ್ ಆಟವೊಂದರಲ್ಲಿ ಮಾರಿಯೊ ಸಾನಿಕ್ ಇಬ್ಬರೂ ಒಟ್ಟಿಗೆ ಓಡಿದರು. ಯುದ್ಧ ಅಲ್ಲಿಗೆ ಮುಗಿಯಿತು.

2019ರಲ್ಲಿ ಸಿನಿಮಾದ ಟ್ರೇಲರ್ ಬಂದಾಗಿನ ಗಲಾಟೆ ನೆನಪಿರಬಹುದು: ಸಾನಿಕ್‌ಗೆ ಮನುಷ್ಯರ ಹಾಗೆ ಹಲ್ಲು. ಜನ ಬೊಬ್ಬೆ ಹೊಡೆದು, ಗೊಂಬೆಯನ್ನು ಮತ್ತೆ ಮಾಡಿಸಿ, ಸಿನಿಮಾ 2020ರ ಫೆಬ್ರುವರಿಗೆ ಹೋಯಿತು. ಮುಖ ಕೆಟ್ಟಾಗ ಇಡೀ ಜಗತ್ತು ಕೂಗಿತು. ಮೈ ಕೆಟ್ಟು ಅದಾಗಲೇ ಎಷ್ಟೋ ವರ್ಷವಾಗಿತ್ತು.

ಮೈ ಸರಿ ಮಾಡಿದವರು ಅಭಿಮಾನಿಗಳು. ಆಸ್ಟ್ರೇಲಿಯಾದ ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಜೊತೆಗಾರರು ಹಳೇ ಸಾನಿಕ್ ಆಟಗಳನ್ನು ತಾವೇ ಬಿಚ್ಚಿ ಜೋಡಿಸಿ ಕಲಿತವರು. ಸೆಗಾ ಅವರನ್ನೇ ಕರೆದು 2017ರಲ್ಲಿ 'ಸಾನಿಕ್ ಮೇನಿಯಾ' ಮಾಡಿಸಿತು. ಆಡಿ ನೋಡಿ, ಮೊದಲ ಇಳಿಜಾರಿನಲ್ಲೇ ಗೊತ್ತಾಗುತ್ತದೆ. ಸೂಪರ್‌ಸ್ಟಾರ್ಸ್‌ನಲ್ಲೂ ಆ ಉರುಳಾಟ ಸರಿಯಾಗಿದೆ, ಅದಕ್ಕೆ ಮಾರ್ಕ್ಸ್ ಕೊಡಲೇಬೇಕು. ಕೆಡುವುದು ಬಾಸ್‌ಗಳಲ್ಲಿ, ಅಂದರೆ ಸ್ಟೇಜ್ ಕೊನೆಯ ದೊಡ್ಡ ಶತ್ರುಗಳಲ್ಲಿ. ಹೊಡೆದ ಮೇಲೆ ಮತ್ತೆ ಹೊಡೆಯೋಕೆ ಬಿಡದೆ ಅವನ ಸರ್ಕಸ್ ಮುಗಿಯುವ ತನಕ ನಿಂತು ನೋಡಬೇಕು. ನಿಲ್ಲಿಸಿದರೆ ಸಾನಿಕ್ ಸಾನಿಕ್ಕೇ ಅಲ್ಲ. ಮೂವತ್ತು ವರ್ಷವಾದರೂ ಗಾಳ ಹಾಕಿಸುವ ಚಾಳಿ ಹೋಗಿಲ್ಲ.

ವಂಡರ್ ವಿಷಯಕ್ಕೆ ಬಂದರೆ, ಇಲ್ಲಿ ಸುಧಾರಣೆ ನಿಜವಾಗಿ ಆಗಿದೆ. ಹೆಚ್ಚಿನ ಸ್ಟೇಜ್‌ಗಳಲ್ಲಿ ಒಂದು ಹೂ. ಅದನ್ನು ಮುಟ್ಟಿದರೆ ನೆಲವೇ ಮಾತು ಬದಲಿಸುತ್ತದೆ. ಪೈಪುಗಳು ಹುಳದ ಹಾಗೆ ತೆವಳುತ್ತವೆ, ಗುಡುಗುಡು ಓಡಿಬರುವ ಗೂಳಿಯಂಥವುಗಳ ಬೆನ್ನೇರಿ ಹೋಗಬೇಕು, ಮಾರಿಯೊನೇ ಒಮ್ಮೆ ಗೂಂಬಾ, ಅಂದರೆ ಅವನು ತುಳಿಯುವ ಪುಟ್ಟ ಶತ್ರು, ಆಗಿಬಿಡುತ್ತಾನೆ. ಗೂಂಬಾಗೆ ಸರಿಯಾಗಿ ಹಾರೋಕೆ ಬರಲ್ಲ. ಆಗ ಅರ್ಥವಾಗುತ್ತದೆ ಇಷ್ಟು ದಿನ ತುಳಿದದ್ದು ಎಂಥ ಬಡಪಾಯಿಯನ್ನು ಅಂತ. ಇಷ್ಟೆಲ್ಲ ತಮಾಷೆ ನಡೆಯುವಾಗಲೂ ಹೆಬ್ಬೆರಳಿಗೂ ಮಾರಿಯೊಗೂ ಇರುವ ಒಪ್ಪಂದ 1985ರದ್ದೇ. ಮುಟ್ಟಿದರೆ ಸಣ್ಣ, ಹಿಡಿದರೆ ದೊಡ್ಡ. ಟೈಮರ್ ತೆಗೆದುಹಾಕಿದ್ದಾರೆ, ನಿಧಾನಕ್ಕೆ ಮೂಲೆಮೂಲೆ ಹುಡುಕಬಹುದು. ದಶಕಗಳಿಂದ ದನಿ ಕೊಡುತ್ತಿದ್ದ ಚಾರ್ಲ್ಸ್ ಮಾರ್ಟಿನೆ ಬದಲು ಕೆವಿನ್ ಅಫ್ಘಾನಿ ಬಂದರೂ "ವಹೂ" ವಹೂನೇ. ಮಾತಾಡುವ ಹೂಗಳು ಮಾತ್ರ ನನಗೆ ಕಿರಿಕಿರಿ. ಹಾರಿದ್ದಕ್ಕೂ ಶಭಾಷ್, ಬಿದ್ದದ್ದಕ್ಕೂ ಸಮಾಧಾನ. ಸೆಟ್ಟಿಂಗ್ಸ್‌ನಲ್ಲಿ ಬಾಯಿ ಮುಚ್ಚಿಸಬಹುದು, ಮುಚ್ಚಿಸಿದೆ.

ಮಧ್ಯೆ ಹುಟ್ಟಿ ಸತ್ತವರ ಪಟ್ಟಿ ದೊಡ್ಡದು. ಸಾನಿಕ್ ಗೆದ್ದದ್ದೇ ತಡ, ಪ್ರತಿ ಕಂಪನಿಗೂ ಒಂದು ತಲೆಹರಟೆ ಪ್ರಾಣಿ ಬೇಕಾಯಿತು. ಬಬ್ಸಿ ಅನ್ನುವ ಕಾಡುಬೆಕ್ಕು, ಗೆಕ್ಸ್ ಅನ್ನುವ ಹಲ್ಲಿ, ಜೂಲ್ ಅನ್ನುವ ನಿಂಜಾ ಇರುವೆ. ಈ ಜೂಲ್‌ನ ಸ್ಟೇಜ್ ತುಂಬಾ ಚುಪಾ ಚುಪ್ಸ್ ಲಾಲಿಪಾಪ್ ಜಾಹೀರಾತು. ಎಲ್ಲರಿಗೂ ಮುಖ ಇತ್ತು, ಡೈಲಾಗ್ ಇತ್ತು, ಧಿಮಾಕು ಇತ್ತು. ಮೈ ಇರಲಿಲ್ಲ.

ಕ್ರಾಶ್ ಬ್ಯಾಂಡಿಕೂಟ್‌ಗೆ ಮೈ ಇತ್ತು. ನಮ್ಮ ಪಾರ್ಲರಿಗೆ ಪ್ಲೇಸ್ಟೇಷನ್ ಬಂದ ಮೇಲೆ ಗಿರಾಕಿಗಳೇ ಬದಲಾದರು. ಚಡ್ಡಿ ಹುಡುಗರ ಜಾಗಕ್ಕೆ ಹಾಸ್ಟೆಲಿನ ಎಂಜಿನಿಯರಿಂಗ್ ಹುಡುಗರು, ಅರ್ಧಕ್ಕರ್ಧ ಹೊರರಾಜ್ಯದವರು, ನನ್ನನ್ನು "ಸಿಸ್ಟರ್" ಅನ್ನುವವರು. ಅವರ ಜೇಬಿನಲ್ಲಿ ಸ್ವಂತ ಮೆಮೊರಿ ಕಾರ್ಡ್. 128 ಕಿಲೋಬೈಟು, ಹದಿನೈದು ಬ್ಲಾಕು; ಯಾರದೋ ಸೇವ್ ಮೇಲೆ ಇನ್ಯಾರೋ ಸೇವ್ ಮಾಡಿದ ದಿನ ಸ್ನೇಹಗಳು ಮುರಿದದ್ದುಂಟು. ಸಿಡಿ ಲೋಡ್ ಆಗುವ ಹೊತ್ತನ್ನೂ ಗಂಟೆಯ ಲೆಕ್ಕಕ್ಕೆ ಹಿಡಿಯಬೇಕಾ ಅನ್ನೋದು ಹೊಸ ವ್ಯಾಜ್ಯ. "ಬೂತಿನಲ್ಲಿ ಲೈನ್ ಸಿಗೋ ತನಕ ನಾನು ದುಡ್ಡು ತಗೋತೀನೇನ್ರೀ?" ಅಂತ ಮಾವ ಧಾರಾಳವಾಗಿ ಹೇಳಿ, ಸಂಜೆ ನನ್ನ ಹತ್ತಿರ "ಲೋಡಿಂಗೂ ಸೇರಿಸೇ ಬರಿ ಪುಟ್ಟಿ" ಅನ್ನುತ್ತಿದ್ದ.

1996ರಲ್ಲಿ ನಾಟಿ ಡಾಗ್‌ನವರು ಕ್ರಾಶ್ ಮಾಡುವಾಗ ಕ್ಯಾಮೆರಾವನ್ನು ಅವನ ಬೆನ್ನ ಹಿಂದೆ ಇಟ್ಟರು. ಮಾರಿಯೊ 64ರ ಹಾಗೆ ಬಯಲಲ್ಲಿ ಬಿಡದೆ ಓಣಿಯಂಥ ದಾರಿಯಲ್ಲಿ ಓಡಿಸಿದರು. ಎಲ್ಲಿಂದ ಏನು ಕಾಣುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ಮಿಷನ್‌ಗೆ ಹೊರೆ ಕಮ್ಮಿ, ಉಳಿದ ಶಕ್ತಿಯನ್ನೆಲ್ಲ ಕ್ರಾಶ್‌ನ ಮುಖಕ್ಕೆ, ಕುಣಿತಕ್ಕೆ ಹಾಕಬಹುದು. ಅವನು ಸಾಯುವ ರೀತಿಗಳೇ ಒಂದು ಮನರಂಜನೆ. ಬರೀ ಬೂಟು ಉಳಿದು ಮೇಲೆ ಕಣ್ಣು ಪಿಳಿಪಿಳಿ ಅನ್ನುವುದಕ್ಕೆ ಇಡೀ ಕೋಣೆ ನಗುತ್ತಿತ್ತು. ಜಾಹೀರಾತಿನಲ್ಲಿ ಕ್ರಾಶ್ ವೇಷದವನೊಬ್ಬ ಮೆಗಾಫೋನ್ ಹಿಡಿದು ನಿಂಟೆಂಡೊ ಆಫೀಸಿನ ಮುಂದೆ ನಿಂತು ಮಾರಿಯೊಗೆ ಸವಾಲು ಹಾಕಿದ್ದ. ಎಲ್ಲರೂ ಅವನು ಸೋನಿಯ ಮಗ ಅಂದುಕೊಂಡಿದ್ದರು. ಹಕ್ಕು ಸೋನಿಯ ಕೈಯಲ್ಲಿ ಯಾವತ್ತೂ ಇರಲಿಲ್ಲ. ಯೂನಿವರ್ಸಲ್‌ನಿಂದ ಕೈ ಬದಲಾಗುತ್ತಾ ಆಕ್ಟಿವಿಷನ್‌ಗೆ, 2023ರಲ್ಲಿ ಅದರ ಜೊತೆಗೇ ಮೈಕ್ರೋಸಾಫ್ಟ್‌ಗೆ ಹೋಯಿತು. ಪ್ಲೇಸ್ಟೇಷನ್‌ನ ಮೊದಲ ಮುಖ ಈಗ ಅದರ ಎದುರಾಳಿ ಎಕ್ಸ್‌ಬಾಕ್ಸ್ ಮಾಲೀಕರ ಸ್ವತ್ತು. ಆಸ್ತಿ ಪಾಲಿನ ಕೇಸುಗಳನ್ನು ನೋಡಿ ನೋಡಿ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ.

2017ರಲ್ಲಿ ಮೊದಲ ಮೂರು ಆಟಗಳನ್ನು ಹೊಸದಾಗಿ ಕಟ್ಟಿ 'ಎನ್. ಸೇನ್ ಟ್ರೈಲಜಿ' ಅಂತ ಬಿಟ್ಟರು. ಕ್ರಾಶ್‌ನ ಮೈಮೇಲಿನ ಒಂದೊಂದು ಕೂದಲೂ ಕಾಣುತ್ತದೆ. ನಾನು ಆಸೆಯಿಂದ ತಗೊಂಡು ಮೊದಲ ಆಟದ 'ಹೈ ರೋಡ್' ಸ್ಟೇಜ್ ತನಕ ಬಂದೆ. ಮಂಜಿನಲ್ಲಿ ತೂಗುಸೇತುವೆ, ಎರಡು ಕಡೆ ಹಗ್ಗ, ಮಧ್ಯೆ ಒಂದು ಹಲಗೆ ಇದ್ದರೆ ಮೂರಿಲ್ಲ. ಹಲಗೆಯ ಅಂಚಿಗೆ ಕಾಲು ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೂ ಕ್ರಾಶ್ ಸರಕ್ಕನೆ ಜಾರಿ ಪಾತಾಳಕ್ಕೆ. ಮತ್ತೆ, ಮತ್ತೆ. ನನ್ನ ಬಾಯಿಂದ ತಾನಾಗಿ ಬಂದ ಮಾತು: "ರಿಮೋಟ್ ಸರಿ ಇಲ್ಲ."

ರಿಮೋಟ್ ಸರಿಯೇ ಇತ್ತು. ಹೊಸ ಆಟದಲ್ಲಿ ಕ್ರಾಶ್‌ನ ದೇಹಕ್ಕೆ ಇಟ್ಟಿರುವ ಕಾಣದ ಆಕಾರ ಕ್ಯಾಪ್ಸೂಲ್ ಮಾತ್ರೆಯದು, ಕೆಳಗೆ ಗುಂಡಗೆ. ಹಳೆಯದರಲ್ಲಿ ಅಂಚಿಗೆ ತಾಗಿದರೆ ನಿಂತುಬಿಡುತ್ತಿದ್ದ. ಇಲ್ಲಿ ಗುಂಡಗಿನ ತುದಿ ಅಂಚಿಗೆ ತಾಗಿದರೆ ಹೊರಕ್ಕೆ ಉರುಳುತ್ತದೆ. ಮೇಲಿಂದ, ಮೂರೂ ಆಟಗಳಿಗೆ ಮೂರನೇ ಆಟದ ಓಟ-ನೆಗೆತದ ಲೆಕ್ಕವನ್ನೇ ಹಾಕಿದ್ದಾರೆ, ಹಲಗೆಗಳ ಅಂತರ ಮಾತ್ರ ಮೊದಲ ಆಟದ್ದು. ಸೊಮಾರಿಯಲ್ಲಿ ಆದದ್ದೇ ಇಲ್ಲಿ, ಸಣ್ಣ ಪ್ರಮಾಣದಲ್ಲಿ, ಕೋಟಿಗಟ್ಟಲೆ ಖರ್ಚಿನಲ್ಲಿ. ಬೇರೆ ಮೈ, ಬೇರೆ ನೆಲ.

ಇಷ್ಟಾದರೂ 2020ರ ನಾಲ್ಕನೇ ಕ್ರಾಶ್ ಆಟವನ್ನು ಹೊಗಳಬೇಕು. ಅಲ್ಲಿ ಕ್ರಾಶ್ ಹಾರಿದಾಗ ಅವನ ಕೆಳಗೆ ನೆಲದ ಮೇಲೆ ಹಳದಿ ವೃತ್ತ ಕಾಣುತ್ತದೆ, ಇಳಿಯುವ ಜಾಗ ಅದು. ಮೂರು ಆಯಾಮದ ಆಟಗಳ ಅತಿ ದೊಡ್ಡ ರೋಗ ಎಲ್ಲಿ ಇಳಿಯುತ್ತೇವೆ ಅನ್ನೋದು ಗೊತ್ತಾಗದೇ ಇರೋದು. ಎರಡು ದಶಕ ಬಿಟ್ಟು ಒಂದು ಹಳದಿ ಗೆರೆಯಲ್ಲಿ ಮದ್ದು ಸಿಕ್ಕಿತು. 'ಲೈಫ್', ಅಂದರೆ ಎಷ್ಟು ಸಲ ಸಾಯಬಹುದು ಅನ್ನುವ ಲೆಕ್ಕ, ಬೇಕಾ ಬೇಡವಾ ಅಂತ ನಾವೇ ಆರಿಸಿಕೊಳ್ಳಬಹುದು. ಲೈಫ್ ಎಂಬುದೇ ಕಾಸು ನುಂಗುವ ಆರ್ಕೇಡ್ ಮಿಷನ್‌ಗಳ ಕಾಲದ್ದು. ಬೇಗ ಸತ್ತರೆ ಬೇಗ ಇನ್ನೊಂದು ನಾಣ್ಯ. ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳುವ ಮಾವನಿಗೆ ಯಾರು ಎಷ್ಟು ಸಲ ಸತ್ತರೂ ಒಂದೇ. ಮನೆಯ ಕನ್ಸೋಲ್‌ಗಳಿಗೂ ಒಂದೇ ಆಗಬೇಕಿತ್ತು. ಅದನ್ನು ಬಿಡೋಕೆ ಇಷ್ಟು ವರ್ಷ ಹಿಡಿಯಿತು. ಹಾಗಂತ ನಾಲ್ಕನೆಯದರಲ್ಲಿ ಅತಿಯಾದದ್ದೂ ಇದೆ. ಒಂದೊಂದು ಸ್ಟೇಜ್‌ನಲ್ಲಿ ನೂರಾರು ಪೆಟ್ಟಿಗೆ, ನೂರಕ್ಕೆ ನೂರು ಬೇಕಾದರೆ ಎಲ್ಲ ಒಡೆಯಬೇಕು, ಒಂದು ಬಿಟ್ಟುಹೋದರೆ ಮೊದಲಿಂದ. ಆಫೀಸಿನಲ್ಲಿ ಮಾಡುವ ರಿಕನ್ಸಿಲಿಯೇಷನ್ (ಲೆಕ್ಕ ತಾಳೆ ನೋಡೋದು) ಮನೆಯಲ್ಲೂ ಯಾಕೆ ಮಾಡಲಿ?

ಈಗಿನ ಮ್ಯಾಸ್ಕಾಟ್ ಅಂದರೆ ಆಸ್ಟ್ರೋ. ನಮ್ಮ ತಮ್ಮನ ಮನೆಯಲ್ಲಿ ಪಿಎಸ್5 (ಪ್ಲೇಸ್ಟೇಷನ್ 5) ಇದೆ. ಭಾರತದಲ್ಲಿ ಅದು 2021ರ ಫೆಬ್ರುವರಿ 2ಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. 'ಆಸ್ಟ್ರೋಸ್ ಪ್ಲೇರೂಮ್' ಅದರೊಳಗೆ ಪುಕ್ಕಟೆ ಬರುತ್ತದೆ. ಟೋಕಿಯೊದ ಟೀಮ್ ಅಸೋಬಿ ಮಾಡಿದ್ದು. ಪುಟ್ಟ ಬಿಳಿ ರೋಬೋಟು, ಮಾತಿಲ್ಲ. ತಮ್ಮನ ಮಗಳು ಆಡುವಾಗ ನಾನು ಅಭ್ಯಾಸಬಲದಿಂದ ಅವಳ ಕೈ ನೋಡುತ್ತಾ ಕೂತೆ. "ಅತ್ತೆ, ಇಲ್ಲಿ ಹಿಡೀರಿ" ಅಂತ ರಿಮೋಟ್ ನನ್ನ ಅಂಗೈಗೆ ಒತ್ತಿದಳು. ಆಸ್ಟ್ರೋ ಮರಳಿನ ಮೇಲೆ ನಡೆದರೆ ಅಂಗೈಗೆ ಮರಳು, ಗಾಜಿನ ಮೇಲೆ ನಡೆದರೆ ಟಿಕ್ ಟಿಕ್, ಮಳೆ ಬಂದರೆ ಹನಿ. ಮೈ ಅಂತ ನಾನು ಇಷ್ಟು ಹೊತ್ತು ಹೇಳಿದ್ದನ್ನು ಇವರು ಟಿವಿಯಿಂದ ಹೊರಗೆ ತಂದು ಕೈಗೇ ಕೊಟ್ಟಿದ್ದಾರೆ. ನೆಗೆತವೂ ಕರುಣಾಮಯಿ. ಗುಂಡಿ ಮತ್ತೆ ಒತ್ತಿ ಹಿಡಿದರೆ ಕಾಲಿನಿಂದ ಕಿರಣ ಹೊರಟು ಒಂದು ಕ್ಷಣ ಗಾಳಿಯಲ್ಲಿ ತೇಲುತ್ತಾನೆ, ಅಷ್ಟರಲ್ಲಿ ಎಲ್ಲಿ ಇಳಿಯಬೇಕು ಅಂತ ತೀರ್ಮಾನಿಸಬಹುದು. 2024ರ ಸೆಪ್ಟೆಂಬರ್‌ನ 'ಆಸ್ಟ್ರೋ ಬಾಟ್' ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನಿಸಿಕೊಂಡದ್ದು ನ್ಯಾಯವೇ.

ತಕರಾರು ಒಂದಿದೆ. ಆಸ್ಟ್ರೋ ಹೋದಲ್ಲೆಲ್ಲ ಸೋನಿಯ ಹಳೇ ಸಾಮಾನು. ಪ್ಲೇರೂಮ್‌ನಲ್ಲಿ ಹಳೇ ಪ್ಲೇಸ್ಟೇಷನ್, ಹಳೇ ಮೆಮೊರಿ ಕಾರ್ಡ್ ಹುಡುಕಿ ಕೂಡಿಡಬೇಕು. ಆಸ್ಟ್ರೋ ಬಾಟ್‌ನಲ್ಲಿ ಹಳೇ ಆಟಗಳ ಪಾತ್ರಗಳ ವೇಷ ಹಾಕಿದ ರೋಬೋಟುಗಳನ್ನು. ನನಗೆ ಅದೆಲ್ಲ ನೋಡಿ ಖುಷಿ, ಹುಡುಗಿಗೆ ಅವರು ಯಾರೆಂದೇ ಗೊತ್ತಿಲ್ಲ. ಅವಳು ಮಂಗನ ಕೈಯಂಥ ಉಪಕರಣ ಹಾಕಿಕೊಂಡು ಗೋಡೆ ಹತ್ತುವುದರಲ್ಲಿ ಮುಳುಗಿದ್ದಳು. ಕಂಪನಿಯ ಜಾಹೀರಾತನ್ನು ಆಟ ಇಷ್ಟು ಚೆನ್ನಾಗಿ ಮೀರಿ ನಿಂತಿದೆ ಅಂತಲೂ ಹೇಳಬಹುದು.

ಹಾಗಾದರೆ ಹೊಸದು ಮೇಲೋ? ನೆಗೆತದ ಮಟ್ಟಿಗೆ ಹೌದು. ಗುಂಡಿ ಒತ್ತಿದ ಕ್ಷಣದಿಂದ ಕಾಲು ನೆಲ ಮುಟ್ಟುವ ತನಕ ಈಗಿನವರು ಎಷ್ಟೋ ಜಾಣರಾಗಿದ್ದಾರೆ. ಗುಂಡಿ ಒತ್ತುವ ಮೊದಲಿನ ವ್ಯವಹಾರ ಕೆಟ್ಟಿದೆ. ಕ್ಯಾಸೆಟ್ ಊದಿ ಸಿಕ್ಕಿಸಿ ಸ್ವಿಚ್ ಹಾಕಿದರೆ ಮಾರಿಯೊ ನಿಂತಿರುತ್ತಿದ್ದ. ಈಗ ಡಿಸ್ಕ್ ಹಾಕಿದರೂ ಅಪ್‌ಡೇಟ್, ಅಕೌಂಟು, ಪಾಸ್‌ವರ್ಡು, ಒಪ್ಪುತ್ತೇನೆ ಒಪ್ಪುತ್ತೇನೆ. ಸ್ವಿಚ್ ನಮ್ಮಲ್ಲಿ ಹೆಚ್ಚಾಗಿ ಹೊರಗಿಂದ ತರಿಸಿ ಮಾರುವವರ ಕೈಯಿಂದ ಬರುತ್ತದೆ. ನಾನು ತಗೊಂಡ ಅಂಗಡಿಯವ ವಾರಂಟಿ ಕೇಳಿದ್ದಕ್ಕೆ ನಕ್ಕ. ಇನ್ನೊಂದು, ಆಸ್ಟ್ರೋ ಬಾಟ್ ಒಬ್ಬರೇ ಆಡುವ ಆಟ. ಪಾರ್ಲರಿನಲ್ಲಿ ಹತ್ತು ರೂಪಾಯಿ ಕೊಟ್ಟವನು ಒಬ್ಬ, ಸುತ್ತ ಕೂತು "ಹಾರೋ ಹಾರೋ" ಅನ್ನುವವರು ಐವರು. ಈ ವಿಷಯದಲ್ಲಿ ವಂಡರ್, ಸೂಪರ್‌ಸ್ಟಾರ್ಸ್ ಎರಡೂ ವಾಸಿ. ಒಂದೇ ಟಿವಿ ಮುಂದೆ ನಾಲ್ವರು ಆಡಬಹುದು.

ಮನೆಯಲ್ಲಿ ಮಕ್ಕಳಿದ್ದು ಯಾವುದು ಕೊಡಿಸಲಿ ಅಂತ ಕೇಳುವವರಿಗೆ: ಸ್ವಿಚ್ ಇದ್ದರೆ ಯೋಚನೆ ಮಾಡದೆ ವಂಡರ್. ಪಿಎಸ್5 ಇದ್ದರೆ ಮೊದಲು ಪುಕ್ಕಟೆ ಪ್ಲೇರೂಮ್ ಆಡಿಸಿ, ಕೇಳಿದರೆ ಆಮೇಲೆ ಆಸ್ಟ್ರೋ ಬಾಟ್. ಸಾನಿಕ್ ಬೇಕೇ ಬೇಕು ಅಂದರೆ ಮೇನಿಯಾ. ಸೂಪರ್‌ಸ್ಟಾರ್ಸ್ ಸೇಲ್‌ನಲ್ಲಿ ಸಿಕ್ಕಾಗ ನೋಡಿಕೊಳ್ಳಿ. ಕ್ರಾಶ್‌ನ ಮೂರರ ಕಟ್ಟು ತಗೊಂಡರೆ ಎರಡನೇ ಆಟದಿಂದ ಶುರುಮಾಡಿ, ಮೊದಲನೆಯದನ್ನು ಕೊನೆಗೆ ಇಟ್ಟುಕೊಳ್ಳಿ. ಹೈ ರೋಡ್ ಬಂದಾಗ ಹಲಗೆಗಳ ಸಹವಾಸವೇ ಬೇಡ, ಪಕ್ಕದ ಹಗ್ಗದ ಮೇಲೆ ಹಾರಿ ನಿಂತು ಅದರ ಮೇಲೇ ನಡೆದುಬಿಡಿ. ಕೊನೇ ತನಕ ಹೋಗಬಹುದು, ಹಾಸ್ಟೆಲ್ ಹುಡುಗರು ಹಾಗೇ ದಾಟುತ್ತಿದ್ದದ್ದು.